ಗಣಿಗೆ ಬಂದವರು, ಪೊರಕೆಗೆ ಬಂದವರು: ನಮ್ಮ ನಮ್ಮಲ್ಲೇ ಒಂದು ಲೆಕ್ಕ



ಸ್ವಲ್ಪ ಉದ್ದದ ಪೋಸ್ಟ್ ಇದು. ಬಿಡುವು ಮಾಡಿಕೊಂಡು ಪೂರ್ತಿ ಓದಿ. ಆಮೇಲೆ ಬೈಯೋದಿದ್ರೆ ಬೈಯಿರಿ, ಬೇಜಾರಿಲ್ಲ.

ಮೊನ್ನೆ ವಿಜಯನಗರದಲ್ಲಿ ಒಳಮೀಸಲಾತಿ ಬಗ್ಗೆ ಒಂದು ಸಣ್ಣ ಸಭೆ ಇತ್ತು. ಇಪ್ಪತ್ತು ಇಪ್ಪತ್ತೈದು ಜನ ಇದ್ವಿ. ಮಾತು ಎಲ್ಲೆಲ್ಲೋ ಹೋಗಿ, ನಮ್ಮ ಹಿರಿಯ ಅಣ್ಣ ಒಬ್ಬರು ಹೀಗಂದ್ರು: "ಕೆಜಿಎಫ್ ಕಡೆಯ ತಮಿಳಿನವರೂ ಬರಿಗೈಲಿ ಬಂದವರು, ತೆಲುಗಿನ ಪೌರಕಾರ್ಮಿಕರೂ ಬರಿಗೈಲಿ ಬಂದವರು. ಅವರು ಓದಿ ಮುಂದೆ ಬಂದ್ರು. ಇವರು ಯಾಕೆ ಇನ್ನೂ ಪೊರಕೆ ಹಿಡ್ಕೊಂಡೇ ಇದ್ದಾರೆ? ಕುಡಿತ ಬಿಡಲ್ಲ, ಮಕ್ಕಳನ್ನ ಓದಿಸಲ್ಲ, ಅದಕ್ಕೆ."

ಹತ್ತು ಜನ ತಲೆ ಆಡಿಸಿದ್ರು. ನಾನೂ ಆ ಹೊತ್ತಿಗೆ ಸುಮ್ಮನೆ ಕೂತಿದ್ದೆ. ಆ ಸುಮ್ಮನಿದ್ದ ತಪ್ಪಿಗೆ ಇವತ್ತು ಇದನ್ನ ಬರೀತಿದ್ದೀನಿ.

ಮೊದಲು ನನ್ನ ವಿಷಯ ಹೇಳಿಬಿಡ್ತೀನಿ. ನನ್ನ ಮನೆಮಾತು ತಮಿಳು. ಜಾತಿ ಸರ್ಟಿಫಿಕೇಟಿನಲ್ಲಿ ಆದಿ ದ್ರಾವಿಡ ಅಂತಿದೆ. ನಮ್ಮ ತಾಯಿಯ ತಂದೆ ಕೆಜಿಎಫ್ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಅಪ್ಪ ಇಲ್ಲಿ ಬಟ್ಟೆ ಮಿಲ್ಲಿನಲ್ಲಿದ್ದರು. ನಾನು ಬಿ.ಎ. ಮಾಡಿ ಆಫೀಸಿನಲ್ಲಿ ಗುಮಾಸ್ತ. ಅಂದ್ರೆ ಆ ಅಣ್ಣ ಹೇಳಿದ "ಮುಂದೆ ಬಂದವರ" ಪಟ್ಟಿಯಲ್ಲಿ ನಾನೂ ಒಬ್ಬ. ನಮ್ಮ ಮನೆಯಿಂದ ಮೂರು ಬೀದಿ ಆಚೆಗೆ ಪೌರಕಾರ್ಮಿಕರ ಕಾಲೊನಿ ಇತ್ತು. ಅವರದು ತೆಲುಗು, ಬಹುತೇಕ ಮಾದಿಗರು. ನಾನು ಅವರ ಮಕ್ಕಳ ಜೊತೆ ಗೋಲಿ ಆಡಿ ಬೆಳೆದವನು. ಆದ್ದರಿಂದ ಈ ಎರಡು ಸಮುದಾಯದ ಹೋಲಿಕೆಯನ್ನ ಹೊರಗೆ ನಿಂತು ಮಾಡೋಕೆ ನನ್ನ ಕೈಲಿ ಆಗಲ್ಲ.

ಎರಡೂ ವಲಸೆಯ ಕಥೆಗಳೇ. ಒಂದು ಕಡೆ ಉತ್ತರ ಆರ್ಕಾಟು ಸೀಮೆಯಿಂದ ಬರಗಾಲಕ್ಕೆ, ಜೀತಕ್ಕೆ, ಗೌಂಡರ ಹೊಲದ ಹೊಡೆತಕ್ಕೆ ಬೇಸತ್ತು ಕೋಲಾರದ ಚಿನ್ನದ ಗಣಿಗೆ ಬಂದ ಪರೈಯರು. ಇನ್ನೊಂದು ಕಡೆ ಅನಂತಪುರ, ಚಿತ್ತೂರು ಕಡೆಯ ಒಣ ಊರುಗಳಿಂದ ಬೆಂಗಳೂರಿನ ಬೀದಿ ಗುಡಿಸೋಕೆ, ಚರಂಡಿ ಬಳಿಯೋಕೆ ಬಂದ ಮಾದಿಗರು. ಎರಡೂ ಕಡೆಯವರಿಗೆ ಊರಲ್ಲಿ ಗುಂಟೆ ಜಮೀನಿರಲಿಲ್ಲ. ಇಬ್ಬರೂ ಅಸ್ಪೃಶ್ಯರು. ಇಬ್ಬರ ಮನೆಮಾತೂ ಕನ್ನಡ ಅಲ್ಲ. ಇಷ್ಟೆಲ್ಲ ಒಂದೇ ಆಗಿದ್ದರೂ ಬದುಕು ಬೇರೆ ಬೇರೆ ಆಯ್ತಲ್ಲ, ಅದು ಯಾಕೆ? ಗುಣದಿಂದ ಅಲ್ಲ ಅಂತ ನನ್ನ ವಾದ. ಕಾರಣ ಒಂದೊಂದಾಗಿ ಹೇಳ್ತೀನಿ.

ಒಂದು, ಕೆಲಸ ಕೊಟ್ಟವರು ಯಾರು ಅನ್ನೋದು.

ಕೆಜಿಎಫ್‌ನಲ್ಲಿ ಕೆಲಸ ಕೊಟ್ಟಿದ್ದು ಜಾನ್ ಟೇಲರ್ ಕಂಪನಿ. ಕಂಪನಿಗೆ ಬೇಕಿದ್ದದ್ದು ಚಿನ್ನ. ಅದಕ್ಕಾಗಿ 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್ ಎಳೆದರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಆಮೇಲೆ, 1905ರಲ್ಲಿ. ಕಂಪನಿಯವರು ದೇವಮಾನವರೇನಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ತವರದ ಗಣಿಗಳು ಕುಸಿದಾಗ ಅಲ್ಲಿನ ಗಣಿ ಕೆಲಸಗಾರರೂ ಕೆಲಸ ಹುಡುಕಿಕೊಂಡು ಕೆಜಿಎಫ್‌ಗೆ ಬಂದರು. ಅವರೂ ವಲಸಿಗರೇ. ಆದರೆ ಅವರಿಗೆ ಬಂಗಲೆ, ಕ್ಲಬ್ಬು, ಮೇಲ್ವಿಚಾರಣೆ. ನಮ್ಮವರಿಗೆ ತಟ್ಟಿ ಗೋಡೆಯ ಒಂದು ಕೋಣೆಯ ಲೈನ್ ಮನೆ, ಕೆಳಗೆ ಬಂಡೆ ಸಿಡಿತ, ಶ್ವಾಸಕೋಶಕ್ಕೆ ಕಲ್ಲಿನ ಪುಡಿ. ತಾತ ಕೊನೆಯ ಆರು ವರ್ಷ ಮಲಗಿ ನಿದ್ದೆ ಮಾಡಲಿಲ್ಲ, ದಿಂಬಿಗೆ ಒರಗಿ ಕೂತೇ ಕೆಮ್ಮುತ್ತಿದ್ದರು. ಆದರೂ ಆ ಲೈನ್ ಮನೆ ಕಂಪನಿ ರಿಜಿಸ್ಟರಿನಲ್ಲಿತ್ತು, ಆಸ್ಪತ್ರೆ ಇತ್ತು, ಪಕ್ಕದಲ್ಲಿ ಶಾಲೆ ಇತ್ತು, ಸಂಬಳದ ದಿನ ಗೊತ್ತಿತ್ತು.

ಬೀದಿ ಗುಡಿಸುವವರಿಗೆ ಕೆಲಸ ಕೊಟ್ಟಿದ್ದು ನಗರಸಭೆ. ಅಲ್ಲಿ ಬೇಕಿದ್ದದ್ದು ಜಾತಿ. ಈ ಕೆಲಸಕ್ಕೆ ಇವರನ್ನೇ ಕರೆತಂದರು, ಇವರ ಮಕ್ಕಳನ್ನೇ ಮತ್ತೆ ಕರೆದರು. ಗಣಿಯಲ್ಲಿ ಡ್ರಿಲ್ಲರ್ ಆದವನ ಮಗ ಫಿಟ್ಟರ್ ಆಗಬಹುದಿತ್ತು, ಆಮೇಲೆ ಬೆಮೆಲ್‌ಗೋ ರೈಲ್ವೆಗೋ ಹೋಗಬಹುದಿತ್ತು. ಪೊರಕೆ ಹಿಡಿದವರ ಮಗನಿಗೆ ಇದ್ದ ಬಡ್ತಿ ಅಂದ್ರೆ ಮೇಸ್ತ್ರಿ, ಅಷ್ಟೇ. ಅದೂ ಎಲ್ಲರಿಗೂ ಅಲ್ಲ.

ಎರಡು, ಸಂಘಟನೆ.

ಗಣಿಯಲ್ಲಿ ಸಾವಿರಾರು ಜನ ಒಂದೇ ಕಡೆ, ಒಂದೇ ಶಿಫ್ಟ್. ಅಯೋತಿದಾಸ ಪಂಡಿತರ ಬೌದ್ಧ ಸಂಘದ ಶಾಖೆ ನೂರು ವರ್ಷಕ್ಕೂ ಹಿಂದೆಯೇ ಮಾರಿಕುಪ್ಪಂನಲ್ಲಿತ್ತು. ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸಿಕೊಳ್ಳಬೇಕು ಅಂದಾಗ 1930ರಲ್ಲಿ ಸಾವಿರಾರು ಕಾರ್ಮಿಕರು ಗಣಿಗೆ ಇಳಿಯೋದನ್ನೇ ನಿಲ್ಲಿಸಿದರು. ಮುಂದೆ ಕಮ್ಯುನಿಸ್ಟ್ ಯೂನಿಯನ್, ಆರ್‌ಪಿಐ, ಸಿ.ಎಂ. ಆರ್ಮುಗಂ ಅಂಥವರು ಶಾಸಕರಾಗಿದ್ದು, ಎಲ್ಲಾ ಅಲ್ಲಿಂದಲೇ ಹುಟ್ಟಿದ್ದು.

ಪೌರಕಾರ್ಮಿಕರು ಬೆಳಗಿನ ಜಾವ ಹತ್ತು ಇಪ್ಪತ್ತು ಜನ ಒಂದೊಂದು ಮಸ್ಟರ್ ಪಾಯಿಂಟಿನಲ್ಲಿ ಸೇರಿ, ಆಮೇಲೆ ಒಬ್ಬೊಬ್ಬರೇ ಒಂದೊಂದು ರಸ್ತೆಗೆ ಹೋಗೋರು. ಅದರಲ್ಲೂ ಹೆಚ್ಚಿನವರು ಹೆಂಗಸರು. ಇವರಿಗೆ ಸಂಘ ಕಟ್ಟೋದು ಎಷ್ಟು ಕಷ್ಟ ಅಂತ ಕಟ್ಟಿದವರನ್ನ ಕೇಳಿ. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸಿದರು. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ 500 ಜನಕ್ಕೆ ಒಬ್ಬ ಪೌರಕಾರ್ಮಿಕ ಇರಬೇಕು, ಮನೆ ಕೊಡಬೇಕು ಅಂತ ಹೇಳಿತು. ಆಮೇಲೆ ಬಂದ ಸರ್ಕಾರಗಳು ಮಾಡಿದ್ದೇನು? ಗುತ್ತಿಗೆ ತಂದವು. ಪಿಎಫ್ ಕಟ್ಟದ, ಇಎಸ್‌ಐ ಕಾರ್ಡ್ ಕೊಡದ, ಮೂರು ತಿಂಗಳು ಸಂಬಳ ಹಿಡಿದಿಟ್ಟುಕೊಳ್ಳುವ ಗುತ್ತಿಗೆ. ಕೆಜಿಎಫ್‌ನವರು 1930ರಲ್ಲೇ ಬೆರಳಚ್ಚು ಕೊಡಲ್ಲ ಅಂದ್ರು. ನಮ್ಮ ಅಕ್ಕಂದಿರು ದಿನಾ ಬೆಳಿಗ್ಗೆ ಬಯೋಮೆಟ್ರಿಕ್ ಯಂತ್ರಕ್ಕೆ ಬೆರಳು ಒತ್ತುತ್ತಾರೆ, ಪೊರಕೆ ಹಿಡಿದು ಸವೆದ ಬೆರಳಿನ ಗುರುತು ಯಂತ್ರ ಹಿಡಿಯದಿದ್ರೆ ಆ ದಿನದ ಹಾಜರಿಗೆ ಅಂಗಲಾಚಬೇಕು.

ಮೂರು, ಕಾಗದ.

ಗುಮಾಸ್ತನಾಗಿ ಇದನ್ನ ನಾನು ಜೋರಾಗಿ ಹೇಳಬಲ್ಲೆ. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶದ ದಿನಕ್ಕೆ ನಿಮ್ಮ ಮನೆಯವರು ಯಾವ ರಾಜ್ಯದ ಕಾಯಂ ನಿವಾಸಿಗಳೋ ಆ ರಾಜ್ಯದಲ್ಲೇ ನೀವು ಪರಿಶಿಷ್ಟ ಜಾತಿ. ಆಮೇಲೆ ಗಡಿ ದಾಟಿ ಬಂದರೆ ಅಸ್ಪೃಶ್ಯತೆ ಜೊತೆಗೆ ಬರುತ್ತೆ, ಮೀಸಲಾತಿ ಬರಲ್ಲ. 1990ರಲ್ಲಿ ಸುಪ್ರೀಂ ಕೋರ್ಟ್ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಇದನ್ನೇ ಹೇಳಿತು. ಗಣಿಗೆ ಬಂದವರ ಹತ್ರ ಕಂಪನಿ ಸರ್ವೀಸ್ ದಾಖಲೆ ಇತ್ತು, ಶಾಲೆಯ ಟಿ.ಸಿ. ಇತ್ತು. ತಾತನ ಹೆಸರಿನ ಒಂದು ಹಳೇ ಕಾರ್ಡ್ ನಮ್ಮ ಮನೆಯ ಮೂರು ತಲೆಮಾರಿಗೆ ಜಾತಿ ಸರ್ಟಿಫಿಕೇಟ್ ಕೊಡಿಸಿದೆ. ಗುತ್ತಿಗೆದಾರನ ನೋಟ್‌ಬುಕ್‌ನಲ್ಲಿ "ಲಕ್ಷ್ಮಮ್ಮ, 26 ದಿನ" ಅಂತ ಬರೆದಿದ್ದನ್ನ ಯಾವ ತಹಶೀಲ್ದಾರ್ ಒಪ್ತಾರೆ? ಹುಟ್ಟಿದ್ದು ಇಲ್ಲೇ, ಗುಡಿಸಿದ್ದು ಇಲ್ಲೇ, ಆದರೆ ತಾತ ಯಾವ ವರ್ಷ ಬಂದ ಅನ್ನೋದಕ್ಕೆ ಕಾಗದ ಇಲ್ಲ. ಹೀಗೆ ಅರ್ಜಿ ವಾಪಸ್ ಆದ ಹುಡುಗರನ್ನ ನಾನೇ ಕರ್ಕೊಂಡು ಆಫೀಸಿಂದ ಆಫೀಸಿಗೆ ಅಲೆದಿದ್ದೀನಿ.

ನಾಲ್ಕನೇದು ನನಗೆ ಬರೆಯೋಕೆ ಕಷ್ಟ ಆಗೋದು. ನಾವು.

ಕೆಜಿಎಫ್ ಲೈನ್‌ಗಳಲ್ಲಿ ಡ್ರೈ ಲೆಟ್ರಿನ್ ಇತ್ತು. ಅದನ್ನ ಬಾಚೋರು ನಮ್ಮ ಪಾಟಿ ಪ್ರಕಾರ "ಬೇರೆಯವರು". ಅವರಿಗೆ ನೀರು ಕೊಡಬೇಕಾದರೆ ಪಾಟಿ ಎತ್ತಿ ಸುರಿಯುತ್ತಿದ್ದರಂತೆ. ಇದನ್ನ ಅವರು ನಾಚಿಕೆಯಿಂದ ಹೇಳಲಿಲ್ಲ, ಮಾಮೂಲಿ ವಿಷಯ ಅಂತ ಹೇಳಿದ್ರು. ಗಣಿ ಮುಚ್ಚಿ ಹತ್ತು ವರ್ಷ ಆದ ಮೇಲೂ, 2011ರಲ್ಲಿ, ಅದೇ ಕೆಜಿಎಫ್‌ನಲ್ಲಿ ಮಲದ ಗುಂಡಿಗೆ ಇಳಿದು ಮೂವರು ಸತ್ತರು. ಇಲ್ಲಿ ಬೆಂಗಳೂರಲ್ಲೂ ಅಷ್ಟೇ. ನಮ್ಮ ಬೀದಿಯ ನಲ್ಲಿಯಲ್ಲಿ ಕಾಲೊನಿ ಹೆಂಗಸರ ಕೊಡ ಕೊನೆಗೆ. ಎಂಟು ವರ್ಷದ ಹಿಂದೆ ನನ್ನ ಚಿಕ್ಕಪ್ಪನ ಮಗ ಆ ಕಾಲೊನಿಯ ಹುಡುಗಿಯನ್ನ ಮದುವೆ ಆಗ್ತೀನಿ ಅಂದಾಗ ಮನೇಲಿ ಬಾಬಾಸಾಹೇಬರ ಫೋಟೋ ಕೆಳಗೆ ಕೂತೇ ಬೇಡ ಅಂದ್ರು. ನಾನು ಅವತ್ತು ಮಾತಾಡಿದೆ, ಆದರೆ ಜಗಳ ಆಡಲಿಲ್ಲ. ಮದುವೆ ಆಗಲಿಲ್ಲ. "ಅವರು ಯಾಕೆ ಮುಂದೆ ಬರಲಿಲ್ಲ" ಅಂತ ಕೇಳುವಾಗ ಏಣಿಯ ಮೇಲಿನ ಮೆಟ್ಟಿಲಲ್ಲಿ ನಿಂತು ಕಾಲಿನಿಂದ ಒತ್ತಿದ್ದು ನಾವೂ ಹೌದು ಅನ್ನೋದನ್ನ ಸೇರಿಸಿಕೊಳ್ಳಬೇಕು.

ಇನ್ನು "ಮುಂದೆ ಬಂದವರು" ಅನ್ನೋ ಮಾತು. ಅದೂ ಪೂರ್ತಿ ನಿಜ ಅಲ್ಲ. 2001ರಲ್ಲಿ ಬಿಜಿಎಂಎಲ್ ಮುಚ್ಚಿತು. ಊಟ, ಮನೆ, ಆಸ್ಪತ್ರೆ, ಎಲ್ಲಾ ಒಂದೇ ಕಂಪನಿ ಮೇಲೆ ನಿಂತಿದ್ದ ಊರು ಅದು. ಇವತ್ತು ಬೆಳಕು ಹರಿಯೋ ಮುಂಚೆ ಮಾರಿಕುಪ್ಪಂ ರೈಲು ಹತ್ತಿ, ಹತ್ರ ಹತ್ರ ನೂರು ಕಿಲೋಮೀಟರ್ ಬಂದು, ಇಲ್ಲಿ ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಗಾರ್ಮೆಂಟ್ಸ್ ಕೆಲಸ ಮಾಡಿ ರಾತ್ರಿ ಮನೆ ಸೇರೋರು ಆ ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು. ನಮ್ಮ ಕಡೆಯ ಮಿಲ್ಲುಗಳ ಕಥೆಯೂ ಅದೇ. ರಾಜಾ ಮಿಲ್ ಇದ್ದಲ್ಲಿ ಮಂತ್ರಿ ಮಾಲ್, ಬಿನ್ನಿ ಮಿಲ್ ಇದ್ದಲ್ಲಿ ಅಪಾರ್ಟ್‌ಮೆಂಟು. ಮಿಲ್ ಕಾರ್ಮಿಕನ ಮಗಳು ಮಾಲ್‌ನ ಟಾಯ್ಲೆಟ್ ತೊಳೀತಿದ್ದಾಳೆ. ಓದಿ ಕೆಲಸ ಹಿಡಿದ ನಮ್ಮಂಥ ಒಂದಷ್ಟು ಮನೆಗಳನ್ನ ತೋರಿಸಿ ಇಡೀ ಸಮುದಾಯ ಮುಂದೆ ಬಂತು ಅನ್ನೋದು ಮೋಸ. ಇಬ್ಬರ ಮಕ್ಕಳೂ ಈಗ ಒಂದೇ ಹೌಸ್‌ಕೀಪಿಂಗ್ ಏಜೆನ್ಸಿಯ ಒಂದೇ ಬಣ್ಣದ ಯೂನಿಫಾರಂನಲ್ಲಿದ್ದಾರೆ.

1991ರ ಕಾವೇರಿ ಗಲಾಟೆಯಲ್ಲಿ ಅಪ್ಪ ಮೂರು ದಿನ ಬಾಗಿಲು ತೆಗೆಯಲಿಲ್ಲ. ತೆಲುಗಿನವರಿಗೆ ಆ ಭಯ ಅಷ್ಟು ಇರಲಿಲ್ಲ ನಿಜ, ಆದರೆ "ಎಲ್ಲಿಂದಲೋ ಬಂದವರು" ಅನ್ನೋ ಮಾತು ಇಬ್ಬರಿಗೂ ತಪ್ಪಿಲ್ಲ. ಈಗ ಒಳಮೀಸಲಾತಿಯಲ್ಲೂ ಅದೇ ಇಕ್ಕಟ್ಟು. ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಅನ್ನೋ ಹೆಸರುಗಳನ್ನ ನಮ್ಮ ಹಿರಿಯರು ಹೆಮ್ಮೆಯಿಂದ ಇಟ್ಟುಕೊಂಡರು, ಬೈಗುಳದ ಹೆಸರು ಬೇಡ ಅಂತ. 1917ರಲ್ಲೇ ಬೆಜವಾಡದಲ್ಲಿ ಭಾಗ್ಯರೆಡ್ಡಿ ವರ್ಮರು ನಾವು ಆದಿ ಆಂಧ್ರರು ಅಂದ್ರು. ಆದರೆ ಆ ಹೆಸರಿನೊಳಗೆ ಮಾದಿಗರೂ ಇದ್ದಾರೆ, ಮಾಲರೂ ಇದ್ದಾರೆ. ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ 2025ರ ಆಗಸ್ಟಿನಲ್ಲಿ ಐದು ಗುಂಪು ಮಾಡಿ, ಈ ಮೂರು "ಆದಿ"ಗಳಿಗೆ ಶೇ 1 ಅಂತ ಶಿಫಾರಸು ಮಾಡಿತ್ತು. ಸಂಪುಟ ಅದನ್ನ ಮೂರು ಗುಂಪಿಗೆ ಇಳಿಸಿ 6-6-5 ಮಾಡಿತು. ಎಡವೋ ಬಲವೋ ಅಂತ ಹೇಳಲು ಕಾಗದ ಇಲ್ಲದವರು ಎಲ್ಲಿಗೆ ಹೋಗಬೇಕು? ನಾನು ಒಳಮೀಸಲಾತಿಯ ಪರ. ಬಲಗೈಗೆ ಸೇರಿದವನಾಗಿಯೇ ಪರ. ಯಾಕೆಂದ್ರೆ ಮೇಲೆ ಹೇಳಿದ ಲೆಕ್ಕವೇ ಅದಕ್ಕೆ ಸಾಕ್ಷಿ: ಒಂದೇ ಪಟ್ಟಿಯಲ್ಲಿದ್ದರೂ ಶಾಲೆ ಮೊದಲು ಸಿಕ್ಕಿದ್ದು ನಮಗೆ.

ಹಾಗಾದ್ರೆ ಏನು ಮಾಡಬೇಕು?

2022ರ ಜುಲೈನಲ್ಲಿ ಪೌರಕಾರ್ಮಿಕರು ರಾಜ್ಯದಾದ್ಯಂತ ಪೊರಕೆ ಕೆಳಗಿಟ್ಟು ಕೂತರು. 2025ರ ಮೇ 1ರಂದು ಬೆಂಗಳೂರಿನ 12,692 ಜನರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ಇದು ಅವರೇ ಹೋರಾಡಿ ಗೆದ್ದದ್ದು. ನಮ್ಮ ಕಾಲೊನಿಯ ಅಕ್ಕ ಒಬ್ಬರು ಆ ಪತ್ರವನ್ನ ಲ್ಯಾಮಿನೇಷನ್ ಮಾಡಿಸಿ ನನಗೆ ತೋರಿಸಿದ್ರು. ಆಮೇಲೆ ಕೇಳಿದ್ರು: "ತಮ್ಮಾ, ನಾನು ರಿಟೈರ್ ಆದ್ರೆ ಇದು ನನ್ನ ಮಗಳಿಗೆ ಸಿಗುತ್ತಾ?" ಮಗಳು ಬಿ.ಕಾಂ. ಓದ್ತಿದ್ದಾಳೆ.

ನನಗೆ ಎದೆ ಧಸಕ್ ಅಂತು. ಅವರ ತಪ್ಪಿಲ್ಲ. ಬೇರೆ ಯಾವ ಬಾಗಿಲೂ ತೆರೆದಿದ್ದನ್ನ ಅವರು ನೋಡಿಲ್ಲ.

ಅದಕ್ಕೇ ನನ್ನ ಬೇಡಿಕೆ ಇಷ್ಟು. ಕಾಯಂ ಆಗದೆ ಉಳಿದವರು, ಕಸದ ಆಟೋ ಓಡಿಸೋರು, ಲೋಡರ್‌ಗಳು, ಎಲ್ಲರೂ ಕಾಯಂ ಆಗಲಿ. ಆದರೆ ಕಾಯಂ ಆಗಬೇಕಾದ್ದು ಸಂಬಳ, ಪೊರಕೆ ಅಲ್ಲ. ಅನುಕಂಪದ ನೌಕರಿ ಕೊಡುವಾಗ ಓದಿದ ಮಗಳಿಗೆ ಓದಿಗೆ ತಕ್ಕ ಹುದ್ದೆಯನ್ನೇ ಕೊಡಬೇಕು, "ತಾಯಿಯ ಜಾಗ" ಅನ್ನೋ ಮಾತು ಫೈಲಿನಲ್ಲಿ ಬರಬಾರದು. ಕಾಲೊನಿ ಮನೆಗಳಿಗೆ ಹಕ್ಕುಪತ್ರ ಅವರ ಹೆಸರಿಗೇ ಆಗಬೇಕು. ಈಗ ಪಾಲಿಕೆ ಒಂದಿದ್ದದ್ದು ಐದಾಗಿದೆ, ಐದೂ ತಮ್ಮ ಹಳೇ ಮಸ್ಟರ್ ರೋಲ್ ಹುಡುಕಿ, ಯಾರ ಮನೆಯವರು ಯಾವಾಗಿಂದ ಇಲ್ಲಿ ಕೆಲಸ ಮಾಡಿದ್ದಾರೆ ಅಂತ ದೃಢೀಕರಣ ಕೊಟ್ಟರೆ ಸಾವಿರಾರು ಮಕ್ಕಳ ಜಾತಿ ಸರ್ಟಿಫಿಕೇಟ್ ಸಮಸ್ಯೆ ಮುಗಿಯುತ್ತೆ. ಕೆಜಿಎಫ್ ಲೈನ್ ಮನೆಗಳ ಹಕ್ಕಿಗೂ ಇದೇ ಮಾತು.

ಮತ್ತೆ ನಮ್ಮವರಿಗೆ, ಅಂದ್ರೆ ಆದಿ ದ್ರಾವಿಡರಿಗೆ ಒಂದು ಮಾತು. ನಮ್ಮ ಬೀದಿಗಳಲ್ಲಿ ಸಂಜೆ ಟ್ಯೂಷನ್ ನಡೀತವೆ, ಅಂಬೇಡ್ಕರ್ ಸಂಘದ ಲೈಬ್ರರಿ ಇವೆ. ಅಲ್ಲಿ ಕಾಲೊನಿ ಮಕ್ಕಳು ಎಷ್ಟು ಜನ ಬರ್ತಾರೆ, ಈ ವಾರ ಎಣಿಸಿ. ನಾನು ನಮ್ಮಲ್ಲಿ ಎಣಿಸಿದೆ. 31 ಮಕ್ಕಳಲ್ಲಿ ಇಬ್ಬರು. ಅದನ್ನ ಸರಿ ಮಾಡೋಕೆ ಯಾವ ಆಯೋಗವೂ ಬೇಕಾಗಿಲ್ಲ.

ಆ ಅಣ್ಣ ಇದನ್ನ ಓದ್ತಾರೆ ಅಂತ ಗೊತ್ತು. ಅಣ್ಣಾ, ನಿಮ್ಮ ಮೇಲೆ ಕೋಪ ಇಲ್ಲ. ಮುಂದಿನ ಸಭೆ ವಿಜಯನಗರದಲ್ಲಿ ಬೇಡ, ಕಾಲೊನಿಯಲ್ಲೇ ಇಟ್ಟುಕೊಳ್ಳೋಣ. ಮಧ್ಯಾಹ್ನ ಮೂರರ ಮೇಲೆ, ಅವರ ಕೆಲಸ ಮುಗಿದಿರುತ್ತೆ. ನಿಮ್ಮ ಪ್ರಶ್ನೆಯನ್ನ ಅಲ್ಲೇ ಕೇಳಿ.

ಜೈ ಭೀಮ್.