ಪರಿಹಾರದ ಹಣಕ್ಕೆ ಪಾಲುದಾರರು

2025ರ ಮೇ 31ರ ಸಂಜೆ ಪುಣೆಯ ಸದಾಶಿವ ಪೇಠದಲ್ಲಿ, ಭಾವೆ ಹೈಸ್ಕೂಲಿನ ಸಮೀಪದ ಚಹಾದಂಗಡಿಯ ಬಳಿ ನಿಂತಿದ್ದವರ ಮೇಲೆ ಕಾರೊಂದು ನುಗ್ಗಿ ಹನ್ನೆರಡು ಮಂದಿ ಗಾಯಗೊಂಡರು. ಅವರಲ್ಲಿ ಹೆಚ್ಚಿನವರು ಲೋಕಸೇವಾ ಆಯೋಗದ ಪರೀಕ್ಷೆಗೆ ಓದುತ್ತಿದ್ದ ವಿದ್ಯಾರ್ಥಿಗಳು. ಅದು ದೊಡ್ಡ ಸುದ್ದಿಯಾಯಿತು, ಆಗಲೇಬೇಕಿತ್ತು. ಆದರೆ ಇದೇ ನಗರದ ಅಂಚಿನ ರಸ್ತೆಗಳಲ್ಲಿ ಡಂಪರಿಗೆ ಸಿಕ್ಕಿ ಕಾಲು ಕಳೆದುಕೊಳ್ಳುವ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯ ಕಟ್ಟಡ ಕೂಲಿಗಳು ಸುದ್ದಿಯಾಗುವುದಿಲ್ಲ. ಅವರನ್ನು ಹುಡುಕಿಕೊಂಡು ಆಸ್ಪತ್ರೆಯ ಬಾಗಿಲಿಗೆ ಬರುವವನು ಒಬ್ಬನೇ: ವಕೀಲನ ದಲ್ಲಾಳಿ.

ಕೆಲವು ವರ್ಷಗಳ ಹಿಂದೆ ಸಿಂದಗಿ ಕಡೆಯ ಹೆಣ್ಣುಮಗಳೊಬ್ಬಳು ನನ್ನನ್ನು ಸದಾಶಿವ ಪೇಠದ ಹಳೆಯ ವಾಡೆಯೊಂದರ ಮಾಳಿಗೆಯಲ್ಲಿದ್ದ ವಕೀಲರ ಕಚೇರಿಗೆ ಕರೆದೊಯ್ದಳು. ಗಂಡ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದ. ಮರಾಠಿಯ ಕಾಗದವೊಂದಕ್ಕೆ ಆಕೆಯ ಹೆಬ್ಬೆಟ್ಟು ಬಿದ್ದಿತ್ತು. "ಸಾಹೇಬ್ರ, ಇದರಾಗ ಏನ್ ಬರದಾರ್ರಿ?" ಎಂದು ಕೇಳಿದಳು. ಬಂದ ಪರಿಹಾರದಲ್ಲಿ ನೂರಕ್ಕೆ ಮೂವತ್ತು ವಕೀಲರಿಗೆ ಎಂದು ಅದರಲ್ಲಿತ್ತು. ಓದಿ ಹೇಳಲು ನನಗೇ ನಾಚಿಕೆಯಾಯಿತು.

ಅಪಘಾತ ಪರಿಹಾರದ ವಕೀಲಿಕೆ ಹೀನವೃತ್ತಿಯೆಂದು ನಾನು ಹೇಳುತ್ತಿಲ್ಲ. ಕೂಲಿಯವನ ಕೈಗೆ, ಕಾಲಿಗೆ ಬೆಲೆಯುಂಟೆಂದು ನ್ಯಾಯಾಲಯಕ್ಕೆ ಮನಗಾಣಿಸುವುದು ಘನವಾದ ಕೆಲಸ. ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋದ ಎರಡು ಪ್ರಕರಣಗಳನ್ನೇ ನೋಡಿ. 2011ರಲ್ಲಿ ರಾಮಚಂದ್ರಪ್ಪ ಪ್ರಕರಣದಲ್ಲಿ, ಕೂಲಿಕಾರನ ಬಳಿ ಸಂಬಳದ ದಾಖಲೆ ಇಲ್ಲವೆಂಬ ಕಾರಣಕ್ಕೆ ಅವನು ಹೇಳಿದ ತಿಂಗಳ 4,500 ರೂಪಾಯಿ ದುಡಿಮೆಯನ್ನು ತಗ್ಗಿಸಲಾಗದೆಂದು ತೀರ್ಪಾಯಿತು. 2014ರಲ್ಲಿ ಸೈಯದ್ ಸಾದಿಕ್ ಪ್ರಕರಣದಲ್ಲಿ, ಕಾಲು ಕತ್ತರಿಸಲ್ಪಟ್ಟ ತರಕಾರಿ ವ್ಯಾಪಾರಿಯ ವರಮಾನವನ್ನು ತಿಂಗಳಿಗೆ 6,500 ರೂಪಾಯಿ ಎಂದೂ, ದುಡಿಯುವ ಶಕ್ತಿಯ ನಷ್ಟವನ್ನು ನೂರಕ್ಕೆ 85 ಎಂದೂ ಗಣಿಸಲಾಯಿತು. ಇಂಥ ತೀರ್ಪುಗಳು ತಾವಾಗಿ ಬರುವುದಿಲ್ಲ. ಕಕ್ಷಿಗಾರ ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಿದ್ದನೆಂದು ಕುಳಿತು ಕೇಳಿ ತಿಳಿದ ವಕೀಲನಿಂದ ಬರುತ್ತವೆ.

ಪಾಲಿನ ವಕೀಲನಿಗೆ ಆ ಪುರಸೊತ್ತಿಲ್ಲ. ಪಾಲಿನ ಪದ್ಧತಿಯಿಂದ ವಕೀಲನ ಹಿತ, ಕಕ್ಷಿಗಾರನ ಹಿತ ಒಂದೇ ಆಗುತ್ತವೆಂದು ವಾದಿಸುವವರಿದ್ದಾರೆ. ಅಮೆರಿಕೆಯ ಉದಾಹರಣೆ ಕೊಡುತ್ತಾರೆ. ಲೆಕ್ಕ ಹಾಕಿ ನೋಡೋಣ. ಹೋರಾಡಿದರೆ ಹನ್ನೆರಡು ಲಕ್ಷ ಬರುವ ಪ್ರಕರಣವನ್ನು ಆರು ಲಕ್ಷಕ್ಕೆ ರಾಜಿ ಮಾಡಿದನೆನ್ನಿ. ವಕೀಲನಿಗೆ 3.6 ಲಕ್ಷದ ಬದಲು 1.8 ಲಕ್ಷ, ಆದರೆ ವರ್ಷಗಟ್ಟಲೆ ಶ್ರಮ ಉಳಿಯಿತು, ಅಷ್ಟರಲ್ಲಿ ಇನ್ನೂ ನಾಲ್ಕು ಪ್ರಕರಣ ಮುಗಿಸಬಹುದು. ವಿಧವೆಗೆ ಸಿಗಬೇಕಿದ್ದ 8.4 ಲಕ್ಷದಲ್ಲಿ ಕೈಗೆ ಬಂದದ್ದು 4.2 ಲಕ್ಷ. ಆಕೆಗೆ ಇನ್ನೊಬ್ಬ ಗಂಡನಿಲ್ಲ, ಇನ್ನೊಂದು ಪ್ರಕರಣವಿಲ್ಲ. ಹಿತ ಒಂದಾದದ್ದು ಎಲ್ಲಿ?

ಕಾನೂನಂತೂ ಸ್ಪಷ್ಟವಾಗಿದೆ. ಫಲಿತಾಂಶವನ್ನು ಅವಲಂಬಿಸಿದ ಶುಲ್ಕವನ್ನೂ ಬಂದ ಹಣದಲ್ಲಿ ಪಾಲನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಅರ್ಧ ಪಾಲಿನ ಕರಾರನ್ನು ಸುಪ್ರೀಂ ಕೋರ್ಟು 1954ರಲ್ಲೇ ವೃತ್ತಿದುರ್ನಡತೆಯೆಂದಿತು. 2017ರ ಡಿಸೆಂಬರಿನಲ್ಲಿ, ಗಂಡನನ್ನು ಅಪಘಾತದಲ್ಲಿ ಕಳೆದುಕೊಂಡ ಬಿ. ಸುನೀತಾ ಅವರ ಮೇಲೆ ಶುಲ್ಕದ ಚೆಕ್ಕಿನ ಸಂಬಂಧ ವಕೀಲರೇ ಹೂಡಿದ್ದ ಮೊಕದ್ದಮೆಯನ್ನು ರದ್ದುಪಡಿಸಿ ಅದೇ ಮಾತನ್ನು ಮತ್ತೊಮ್ಮೆ ಹೇಳಿತು.

"ಪಾಲಿಲ್ಲದಿದ್ದರೆ ಬಡವನಿಗೆ ವಕೀಲನೆಲ್ಲಿ ಸಿಗುತ್ತಾನೆ?" ಎಂಬ ಪ್ರಶ್ನೆ ಉಳಿಯುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಮೋಟಾರು ವಾಹನ ಅಧಿನಿಯಮದ 166ನೆಯ ಕಲಮಿನಂತೆ, ಅಪಘಾತ ಪುಣೆಯಲ್ಲಾದರೂ ಅರ್ಜಿದಾರಳು ತಾನು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಬಹುದು. ಎಂದರೆ ಸಿಂದಗಿಯ ವಿಧವೆ ತನ್ನ ಜಿಲ್ಲೆಯಲ್ಲೇ, ತನ್ನ ಭಾಷೆಯಲ್ಲೇ ನ್ಯಾಯ ಕೇಳಬಹುದು. ಈ ಮಾತನ್ನು ಸದಾಶಿವ ಪೇಠದ ಆ ಕಚೇರಿಯಲ್ಲಿ ಯಾರೂ ಆಕೆಗೆ ಹೇಳಿರಲಿಲ್ಲ. 2022ರ ಏಪ್ರಿಲ್ 1ರಿಂದ ಅರ್ಜಿ ಸಲ್ಲಿಸಲು ಆರು ತಿಂಗಳ ಗಡುವೂ ಬಂದಿದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆಯಾದರೂ, ಬಡವರು ಅದನ್ನು ನೆಚ್ಚಿ ಕೂರುವಂತಿಲ್ಲ.

ಹಾಗಾದರೆ ತಪ್ಪು ವಕೀಲರದ್ದು ಮಾತ್ರವೇ? ಹೊರನಾಡ ಕನ್ನಡಿಗರಾದ ನಾವು ನಮ್ಮನ್ನೇ ಕೇಳಿಕೊಳ್ಳಬೇಕು. ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಕಲಾವಿದರನ್ನು ಕರೆಸುತ್ತೇವೆ, ಶಾಲು ಹೊದಿಸುತ್ತೇವೆ. ನಮ್ಮ ಸಂಘಗಳ ಸದಸ್ಯರಲ್ಲಿ ಅಧಿಕಾರಿಗಳಿದ್ದಾರೆ, ವೈದ್ಯರಿದ್ದಾರೆ, ನಿವೃತ್ತ ಬ್ಯಾಂಕ್ ನೌಕರರಿದ್ದಾರೆ. ಮರಾಠಿಯನ್ನೂ ಕನ್ನಡವನ್ನೂ ಸರಾಗವಾಗಿ ಓದಬಲ್ಲವರಿಗಂತೂ ಬರವಿಲ್ಲ. ಆದರೂ ನಮ್ಮ ಮನೆಗಳಿಗೆ ಇಟ್ಟಿಗೆ ಹೊತ್ತ ಕನ್ನಡಿಗ ನಮ್ಮ ಸದಸ್ಯರ ಪಟ್ಟಿಯಲ್ಲಿಲ್ಲ. ನಾವು ತೆರವು ಬಿಟ್ಟ ಜಾಗದಲ್ಲಿ ದಲ್ಲಾಳಿ ಬಂದು ಕುಳಿತಿದ್ದಾನೆ. ಹರುಕುಮುರುಕಾದರೂ ಅವನೇ ಆ ಹೆಣ್ಣುಮಗಳೊಡನೆ ಕನ್ನಡ ಮಾತನಾಡುತ್ತಾನೆ.

ನಾನು ಕೇಳುವುದು ಹೆಚ್ಚೇನಲ್ಲ. ಪ್ರತಿ ಸಂಘದಲ್ಲಿ ಭಾನುವಾರ ಎರಡು ತಾಸು ಒಂದು ಕೋಣೆ ತೆರೆದಿರಲಿ. ಪ್ರಥಮ ವರ್ತಮಾನ ವರದಿ, ಪಂಚನಾಮೆ, ಆಸ್ಪತ್ರೆಯ ಕಾಗದಗಳನ್ನು ಓದಿ ಹೇಳಲು ಇಬ್ಬರು ಕುಳಿತಿರಲಿ. ಮುಕದ್ದಮನಿಂದ ಕೂಲಿಯ ಲೆಕ್ಕ ಬರೆಸಿಕೊಳ್ಳಲಿ, ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಜೊತೆಗೆ ಹೋಗಲಿ, ಉಚಿತ ವಕೀಲರಿಗಾಗಿ ಅರ್ಜಿ ಬರೆದುಕೊಡಲಿ. ಓದಿ ತಿಳಿಯದ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿರೆಂದು ಕೂಲಿಗಳ ಬಿಡಾರಕ್ಕೆ ಹೋಗಿ ಹೇಳಲಿ. ಇದಕ್ಕೆ ದೇಣಿಗೆ ಬೇಡ, ವೇದಿಕೆ ಬೇಡ. ಆ ಇಬ್ಬರಲ್ಲಿ ಒಬ್ಬನಾಗಿ ಕೂರಲು ನಾನು ಸಿದ್ಧನಿದ್ದೇನೆ. ಇನ್ನೊಬ್ಬರು ಯಾರು?