ಟ್ಯೂಬ್ ಸುತ್ತಿದ್ದು ಸಾಕು, ವಾಲ್ವ್ ಬದಲಿಸಿ

ಸ್ಪ್ರಿಂಕ್ಲರ್ ಲೈನಿನ ವಾಲ್ವ್ ಸೋರ್ತಿದೆ ಅಂದ್ರೆ ನಾವು ಮೊದಲು ಹುಡುಕೋದು ಹಳೇ ಸೈಕಲ್ ಟ್ಯೂಬ್. ಬಿಗಿಯಾಗಿ ಸುತ್ತಿ ಮರೆತುಬಿಡ್ತೀವಿ. ನನ್ನ ಪ್ರಕಾರ ಇದು ರಿಪೇರಿನೇ ಅಲ್ಲ. ನಿಮಿಷಕ್ಕೆ 1 ಲೀಟರ್ ಸೋರಿದರೂ, 7 ಗಂಟೆ ಮೋಟಾರ್ ಓಡಿದರೆ 420 ಲೀಟರ್ ಬೋರ್ ನೀರು ದಂಡ. ಸೋರಿಕೆ ಹೆಚ್ಚಾದರೆ ಪ್ರೆಶರ್ ಇಳಿದು, ಕೊನೆಯ ಸ್ಪ್ರಿಂಕ್ಲರ್ ಸರಿಯಾಗಿ ತಿರುಗಲ್ಲ. ಅಲ್ಲಿನ ಶೇಂಗಾ ಬಾಡುತ್ತೆ.

ಮೋಟಾರ್ ನಿಲ್ಲಿಸಿ ವಾಲ್ವ್ ನೋಡಿ. ಹಿಡಿಯ ಬುಡದಲ್ಲಿ ಸೋರಿದ್ದರೆ ಸಾಮಾನ್ಯವಾಗಿ ಒಳಗಿನ ರಬ್ಬರ್ ರಿಂಗ್ ಸವೆದಿರುತ್ತೆ. ಬಿಚ್ಚಲು ಬಂದರೆ ರಿಂಗ್ ಬದಲಿಸಿದರೆ ಸಾಕು. ಬಾಡಿಯೇ ಬಿರುಕು ಬಿಟ್ಟಿದ್ದರೆ ಅಂಟು ಮೆತ್ತಬೇಡಿ, ಹೊಸದು ಹಾಕಿ.

ಹೊಸದು ತರುವಾಗ ಯೂನಿಯನ್ ಇರುವ ಬಾಲ್ ವಾಲ್ವನ್ನೇ ಕೇಳಿ. ರೇಟು ಸ್ವಲ್ಪ ಜಾಸ್ತಿ, ನಿಜ. ಆದ್ರೆ ಮುಂದಿನ ಸಲ ಪೈಪ್ ಕೊಯ್ಯೋ ಕೆಲಸ ಇರಲ್ಲ. ಎರಡೂ ಕಡೆ ನಟ್ ಬಿಚ್ಚಿದರೆ ವಾಲ್ವ್ ಕೈಗೆ ಬರುತ್ತೆ. ಅಂಟಿಸುವಾಗ ಪೈಪ್ ಒಣಗಿರಲಿ, ಡಬ್ಬಿ ಮೇಲೆ ಬರೆದಷ್ಟು ಹೊತ್ತು ಕಾದು ನೀರು ಬಿಡಿ. ವಾಲ್ವನ್ನು ನಿಧಾನಕ್ಕೆ ತಿರುಗಿಸಿ; ಒಮ್ಮೆಲೇ ಮುಚ್ಚಿದರೆ ನೀರಿನ ಹೊಡೆತಕ್ಕೆ ಜಾಯಿಂಟ್ ಬಿಡಬಹುದು.

ಬೋರ್ ಕೊರೆಸೋಕೆ ಲಕ್ಷ ಸುರಿಯೋ ನಾವು ಒಂದು ವಾಲ್ವಿಗೆ ಕೈ ಹಿಡಿಯೋದ್ಯಾಕೆ?