ವೋಟು ಕೇಳುವ ಜಡ್ಜ್ ನನಗೆ ಬೇಡ

"ಜಡ್ಜ್‌ಗಳನ್ನೂ ನಾವೇ ವೋಟ್ ಹಾಕಿ ಆರಿಸೋ ಹಾಗಿದ್ರೆ ಎಲ್ಲ ಸರಿಹೋಗುತ್ತೆ ಕಣ್ರೀ."

ನಮ್ಮ ಆಫೀಸಿನ ಕೆಫೆಟೇರಿಯಾದಲ್ಲಿ ಈ ಮಾತು ತಿಂಗಳಿಗೊಮ್ಮೆಯಾದರೂ ಬರುತ್ತದೆ. ಯಾರಿಗೋ ಬೇಲ್ ಸಿಕ್ಕಿರುತ್ತೆ, ಟಿವಿಯವರು ಕೂಗಾಡಿರುತ್ತಾರೆ. ಟೇಬಲ್ಲಿನಲ್ಲಿ ಒಬ್ಬರು ಕೊಲಿಜಿಯಂಗೆ ನಾಲ್ಕು ಮಾತು ಬೈದು, "ಅಮೆರಿಕಾ ನೋಡಿ, ಅಲ್ಲಿ ಜನಾನೇ ಜಡ್ಜ್‌ನ ಆರಿಸ್ತಾರೆ" ಅಂತ ಮುಗಿಸುತ್ತಾರೆ. ಇಷ್ಟು ದಿನ ನಾನು ಸುಮ್ಮನೆ ಮೊಸರನ್ನ ತಿಂದು ಎದ್ದು ಬರುತ್ತಿದ್ದೆ. ಇವತ್ತು ಹೇಳಿಬಿಡ್ತೀನಿ: ಅದು ಕೆಟ್ಟ ಐಡಿಯಾ. ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ಒಬ್ಬ ನ್ಯಾಯಮೂರ್ತಿಯ ಕಥೆಯಿದೆ.

ಮೊದಲಿಗೆ ಒಂದು ತಿದ್ದುಪಡಿ. ಅಮೆರಿಕಾದ ಫೆಡರಲ್ ಜಡ್ಜ್‌ಗಳು ಚುನಾವಣೆಗೆ ನಿಲ್ಲೋದಿಲ್ಲ. ಅವರನ್ನು ಅಧ್ಯಕ್ಷರು ನೇಮಿಸ್ತಾರೆ, ಸೆನೆಟ್ ಒಪ್ಪುತ್ತೆ. ಚುನಾವಣೆ ಇರೋದು ರಾಜ್ಯಗಳ ಕೋರ್ಟುಗಳಲ್ಲಿ, ಅದೂ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯನ್ನು ಗವರ್ನರ್ ನೇಮಿಸುತ್ತಾರೆ. ಆಮೇಲೆ ಅವರ ಹೆಸರು ಮತಪತ್ರದಲ್ಲಿ ಬರುತ್ತೆ. ಎದುರಾಳಿ ಇರೋದಿಲ್ಲ. ಒಂದೇ ಪ್ರಶ್ನೆ: ಇವರು ಮುಂದುವರಿಯಬೇಕೆ? ಹೌದು, ಬೇಡ.

2018ರಲ್ಲಿ ನಾನು ಸ್ಯಾನ್ ಹೋಸೆಯಲ್ಲಿ ಆನ್‌ಸೈಟ್ ಇದ್ದೆ. ನಮ್ಮ ಮನೆ ಓನರ್ ಎಪ್ಪತ್ತು ದಾಟಿದ ಹೆಂಗಸು. ನವೆಂಬರ್ ಚುನಾವಣೆಗೆ ಪೋಸ್ಟಿನಲ್ಲಿ ಬಂದ ಮತಪತ್ರವನ್ನು ಅಡುಗೆಮನೆ ಟೇಬಲ್ ಮೇಲೆ ಹರಡಿಕೊಂಡು ಕೂತಿದ್ದರು. ಜಡ್ಜ್‌ಗಳ ಪಟ್ಟಿ ಬಂದಾಗ ಸರಸರ ಅಂತ 'ಹೌದು, ಹೌದು, ಹೌದು' ತುಂಬಿದರು. ಇವರೆಲ್ಲ ನಿಮಗೆ ಗೊತ್ತಾ ಅಂತ ಕೇಳಿದೆ. "ಒಬ್ಬರೂ ಗೊತ್ತಿಲ್ಲ" ಅಂತ ನಕ್ಕರು. ಸ್ವಲ್ಪ ಹೊತ್ತು ಬಿಟ್ಟು, "86ರಲ್ಲಿ ಮಾತ್ರ 'ಬೇಡ' ಹಾಕಿದ್ದೆ. ರೋಸ್ ಬರ್ಡ್‌ಗೆ" ಅಂದರು.

ಆ ಹೆಸರು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಹುಡುಕಿಕೊಂಡು ಓದಿದೆ.

ರೋಸ್ ಬರ್ಡ್ ಅದೇ ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ ಪಬ್ಲಿಕ್ ಡಿಫೆಂಡರ್ ಆಗಿದ್ದವರು, ಅಂದ್ರೆ ವಕೀಲರಿಗೆ ದುಡ್ಡು ಕೊಡಲಾಗದ ಆರೋಪಿಗಳ ಪರ ಸರ್ಕಾರವೇ ಕೊಡುವ ವಕೀಲೆ. 1975ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಅವರನ್ನು ಕೃಷಿ ಮತ್ತು ಸೇವೆಗಳ ಇಲಾಖೆಗೆ ಕಾರ್ಯದರ್ಶಿ ಮಾಡಿದರು. ಕ್ಯಾಲಿಫೋರ್ನಿಯಾದ ಸಂಪುಟ ದರ್ಜೆಯ ಹುದ್ದೆಗೆ ಬಂದ ಮೊದಲ ಮಹಿಳೆ ಅವರು. ಅಲ್ಲಿನ ಹೊಲಗಳಲ್ಲಿ ಕೂಲಿಗಳಿಗೆ ಗಿಡ್ಡ ಹಿಡಿಯ ಗುದ್ದಲಿ ಕೊಡುತ್ತಿದ್ದರು. ಇಡೀ ದಿನ ಬಗ್ಗಿಯೇ ಕೆಲಸ ಮಾಡಬೇಕು, ಕೊನೆಗೆ ಬೆನ್ನೇ ಹೋಗುತ್ತಿತ್ತು. ಅದು ನಿಷೇಧವಾಗಿದ್ದು ಬರ್ಡ್ ಅವರ ಅವಧಿಯಲ್ಲಿ. ದೊಡ್ಡ ಜಮೀನ್ದಾರರಿಗೆ ಅವರ ಮೇಲೆ ಸಿಟ್ಟು ಶುರುವಾಗಿದ್ದೂ ಆಗಲೇ.

1977ರಲ್ಲಿ ಬ್ರೌನ್ ಅವರನ್ನು ನೇರವಾಗಿ ರಾಜ್ಯದ ಮುಖ್ಯ ನ್ಯಾಯಮೂರ್ತಿ ಮಾಡಿದರು. ವಯಸ್ಸು 40. ಆ ಕೋರ್ಟಿಗೆ ಬಂದ ಮೊದಲ ಮಹಿಳೆ. ಅದಕ್ಕೆ ಮುಂಚೆ ಒಂದು ದಿನವೂ ಜಡ್ಜ್ ಆಗಿ ಕೆಲಸ ಮಾಡಿರಲಿಲ್ಲ. ಅನುಭವ ಇಲ್ಲದವರನ್ನು ತಂದು ಕೂರಿಸಿದರು ಅನ್ನೋ ಟೀಕೆಯಲ್ಲಿ ಹುರುಳಿತ್ತು, ಒಪ್ಪುತ್ತೇನೆ. 1978ರಲ್ಲಿ ಮತಪತ್ರದಲ್ಲಿ ಹೆಸರು ಬಂದಾಗ ಸುಮಾರು ಶೇ. 52 ಮತ ಪಡೆದು ಹೇಗೋ ಪಾರಾದರು.

ಆಮೇಲಿನ ಎಂಟು ವರ್ಷದಲ್ಲಿ 60ಕ್ಕೂ ಹೆಚ್ಚು ಮರಣದಂಡನೆ ಪ್ರಕರಣಗಳು ಅವರ ಮುಂದೆ ಬಂದವು. ಒಂದರಲ್ಲೂ ಅವರು ಶಿಕ್ಷೆಯನ್ನು ಎತ್ತಿಹಿಡಿಯಲಿಲ್ಲ. ಮರಣದಂಡನೆ ಬೇಕು ಅಂತ ಆ ರಾಜ್ಯದ ಜನ ಮತ ಹಾಕಿ ಹೇಳಿದ್ದರು. ಹಾಗಾಗಿ 'ಇದು ಕಾನೂನಲ್ಲ, ಈಯಮ್ಮನ ಸ್ವಂತ ಅಭಿಪ್ರಾಯ' ಅಂತ ಜನರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

1986ರಲ್ಲಿ ಅವರ ಹೆಸರು ಮತ್ತೆ ಮತಪತ್ರಕ್ಕೆ ಬಂತು. ಆಗಿನ ಗವರ್ನರ್ ಜಾರ್ಜ್ ಡ್ಯೂಕ್‌ಮೇಜಿಯನ್ ಬಹಿರಂಗವಾಗಿ ಅವರ ವಿರುದ್ಧ ನಿಂತರು. ಮಿಲಿಯನ್‌ಗಟ್ಟಲೆ ಡಾಲರ್ ಹರಿಯಿತು. ಬಾಡಿಗೆದಾರರು, ಕಾರ್ಮಿಕರು, ಗಾಯಗೊಂಡ ಗ್ರಾಹಕರ ಪರ ಬಂದ ತೀರ್ಪುಗಳಿಂದ ಉರಿದುಹೋಗಿದ್ದ ಉದ್ಯಮಿಗಳೂ ಅದಕ್ಕೆ ಕೈ ಹಾಕಿದರು. ಆದರೆ ಜಾಹೀರಾತಿನಲ್ಲಿ ಬಾಡಿಗೆಯ ಮಾತೂ ಇಲ್ಲ, ಇನ್ಶೂರೆನ್ಸ್ ಮಾತೂ ಇಲ್ಲ. ಅಲ್ಲಿದ್ದದ್ದು ಕೊಲೆಯಾದ ಮಕ್ಕಳ ತಾಯಂದಿರು.

ಮೂರರಲ್ಲಿ ಎರಡು ಪಾಲು ಮತದಾರರು 'ಬೇಡ' ಅಂದರು. 1934ರಲ್ಲಿ ಈ ಪದ್ಧತಿ ಬಂದ ಮೇಲೆ ಆ ಕೋರ್ಟಿನ ಯಾವ ನ್ಯಾಯಮೂರ್ತಿಯೂ ಹೀಗೆ ಸೋತಿರಲಿಲ್ಲ. ಜೊತೆಗೆ ಕ್ರೂಸ್ ರೆನೋಸೊ, ಜೋಸೆಫ್ ಗ್ರೋಡಿನ್ ಕೂಡ ಮನೆಗೆ ಹೋದರು. ಗ್ರೋಡಿನ್ ಕೆಲವು ಪ್ರಕರಣಗಳಲ್ಲಿ ಮರಣದಂಡನೆಯನ್ನು ಎತ್ತಿಹಿಡಿದಿದ್ದವರು! ಅದನ್ನು ನೋಡುವ ತಾಳ್ಮೆ ಯಾರಿಗಿತ್ತು?

ನಮ್ಮ ಓನರ್ ಅಂದು ಹೇಳಿದ ಮಾತು ಇದು: "ಆ ತಾಯಿಯ ಮುಖ ನನಗೆ ಈಗಲೂ ನೆನಪಿದೆ. ತೀರ್ಪು ಮಾತ್ರ ಒಂದನ್ನೂ ಓದಿರಲಿಲ್ಲ."

ನಾನು ಅವರನ್ನು ದೂರೋದಿಲ್ಲ. ಆ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ನೀವೂ ಅಷ್ಟೇ. ಮಗು ಕಳಕೊಂಡ ತಾಯಿ ಒಂದು ಕಡೆ, ಜ್ಯೂರಿಗೆ ಕೊಟ್ಟ ಸೂಚನೆಯಲ್ಲಿ ತಪ್ಪಿದೆ ಅನ್ನೋ ನೂರು ಪುಟದ ತೀರ್ಪು ಇನ್ನೊಂದು ಕಡೆ. ಮೂವತ್ತು ಸೆಕೆಂಡಿನ ಜಾಹೀರಾತಿನಲ್ಲಿ ಯಾವುದು ಗೆಲ್ಲುತ್ತೆ?

"ಸರಿ, ಬರ್ಡ್ ತಪ್ಪೇ ಮಾಡಿದ್ದರೆ?" ಅಂತ ನೀವು ಕೇಳಬಹುದು. ಮಾಡಿರಬಹುದು. ನನ್ನ ತಕರಾರು ಸೋತವರ ಬಗ್ಗೆ ಅಲ್ಲ, ಉಳಿದವರ ಬಗ್ಗೆ. ಅವರು ಹೋದ ಮೇಲೆ ಅದೇ ಸಂವಿಧಾನದ ಕೆಳಗೆ ಅದೇ ಕೋರ್ಟು ಬಹುಪಾಲು ಮರಣದಂಡನೆಗಳನ್ನು ಎತ್ತಿಹಿಡಿಯಲು ಶುರುಮಾಡಿತು. ಹೊಸಬರು ಕಾನೂನನ್ನು ಬೇರೆ ಥರ ಓದಿದರು ಅನ್ನಿ, ಅದೂ ಇದೆ. ಆದರೆ ಕೈಯಲ್ಲಿ ಪೆನ್ನು ಹಿಡಿದ ಜಡ್ಜ್‌ಗೆ 1986 ನೆನಪಾಗುತ್ತಿರಲಿಲ್ಲ ಅಂತ ಹೇಳೋರು ಯಾರು? ಅದೇ ಕೋರ್ಟಿನಲ್ಲಿದ್ದ ಆಟೋ ಕಾವುಸ್ ಅನ್ನೋ ನ್ಯಾಯಮೂರ್ತಿ, ಚುನಾವಣೆ ಹತ್ತಿರ ಇರುವಾಗ ತೀರ್ಪು ಬರೆಯೋದನ್ನ ಬಾತ್‌ಟಬ್ಬಿನಲ್ಲಿ ಮೊಸಳೆ ಇಟ್ಟುಕೊಂಡ ಹಾಗೆ ಅಂದಿದ್ದರು. ನೋಡಬಾರದು ಅಂದ್ಕೊಂಡ್ರೂ ಕಣ್ಣು ಅಲ್ಲಿಗೇ ಹೋಗುತ್ತೆ.

ಇದು ನನಗೆ ಚೆನ್ನಾಗಿ ಅರ್ಥವಾಗುತ್ತೆ, ಯಾಕಂದ್ರೆ ನಾನು ಟೆಸ್ಟರ್. ರಿಲೀಸ್ ಹಿಂದಿನ ರಾತ್ರಿ ಬ್ಲಾಕರ್ ಬಗ್ ಹಾಕಿ ಇಡೀ ಟೀಮಿನ ಕೈಲಿ ಬೈಸಿಕೊಂಡವನು. ಹಿಂದೆ ಕೆಲಸ ಮಾಡಿದ ಒಂದು ಕಡೆ ಟೆಸ್ಟರ್‌ಗಳ ಅಪ್ರೈಸಲ್‌ನಲ್ಲಿ ಡೆವಲಪರ್‌ಗಳ ಫೀಡ್‌ಬ್ಯಾಕ್‌ಗೇ ಅರ್ಧ ಅಂಕ ಅಂತ ಮಾಡಿದರು. ಯಾರೂ ನನಗೆ ಬಗ್ ಹಾಕಬೇಡ ಅನ್ನಲಿಲ್ಲ. ಆದರೂ ಮಾರ್ಚ್ ಬಂದರೆ ನನ್ನ ಬ್ಲಾಕರ್‌ಗಳೆಲ್ಲ ತಂತಾನೇ 'ಮೈನರ್' ಆಗುತ್ತಿದ್ದವು. ನಾನು ಲಂಚ ತಿಂದಿರಲಿಲ್ಲ. ಹೆದರಿದ್ದೆ, ಅಷ್ಟೇ. ನನ್ನ ಹೆದರಿಕೆಯಿಂದ ಕ್ರ್ಯಾಶ್ ಆಗಿದ್ದು ಒಂದು ಆ್ಯಪ್ಪು. ಜಡ್ಜ್ ಹೆದರಿದರೆ?

ಇನ್ನು ದುಡ್ಡಿನ ವಿಷಯ. ವೆಸ್ಟ್ ವರ್ಜೀನಿಯಾದಲ್ಲಿ ಮ್ಯಾಸಿ ಅನ್ನೋ ಕಲ್ಲಿದ್ದಲು ಕಂಪನಿಗೆ ಜ್ಯೂರಿ 50 ಮಿಲಿಯನ್ ಡಾಲರ್ ದಂಡ ಹಾಕಿತ್ತು. ಮೇಲ್ಮನವಿ ಬರುವ ಮುಂಚೆ, 2004ರಲ್ಲಿ, ಕಂಪನಿಯ ಮುಖ್ಯಸ್ಥ ಡಾನ್ ಬ್ಲಾಂಕೆನ್‌ಶಿಪ್ ಸುಮಾರು 3 ಮಿಲಿಯನ್ ಡಾಲರ್ ಸುರಿದು ಬ್ರೆಂಟ್ ಬೆಂಜಮಿನ್ ಅನ್ನೋರು ರಾಜ್ಯ ಸುಪ್ರೀಂ ಕೋರ್ಟಿಗೆ ಗೆಲ್ಲುವುದಕ್ಕೆ ನೆರವಾದರು. ಬೆಂಜಮಿನ್ ಕೇಸಿನಿಂದ ಹಿಂದೆ ಸರಿಯಲಿಲ್ಲ. ತೀರ್ಪು 3–2ರಲ್ಲಿ ಕಂಪನಿಯ ಪರ ಬಂತು. 2009ರಲ್ಲಿ ಅಮೆರಿಕಾದ ಸುಪ್ರೀಂ ಕೋರ್ಟು ಅವರು ಸರಿಯಬೇಕಿತ್ತು ಅಂತ ಹೇಳಿತು, ಅದೂ 5–4ರಲ್ಲಿ! 2025ರ ವಿಸ್ಕಾನ್ಸಿನ್ ಚುನಾವಣೆಯಲ್ಲಂತೂ ಕೋರ್ಟಿನ ಒಂದೇ ಒಂದು ಸೀಟಿಗೆ ಸುಮಾರು 100 ಮಿಲಿಯನ್ ಡಾಲರ್ ಖರ್ಚಾಯ್ತು. ಇಲಾನ್ ಮಸ್ಕ್ ಬೆಂಬಲಿಸಿದವರು ಸೋತರು, ನಿಜ. ಆದರೆ ಗೆದ್ದವರ ಕಡೆಗೂ ಕೋಟ್ಯಧಿಪತಿಗಳ ದುಡ್ಡಿತ್ತು. ನಮ್ಮ ಎಂಎಲ್‌ಎ ಎಲೆಕ್ಷನ್ ನೋಡಿದ ನಿಮಗೆ ನಾನು ಇನ್ನೇನು ಬಿಡಿಸಿ ಹೇಳಬೇಕು?

ಕೊಲಿಜಿಯಂ ಬಹಳ ಚೆನ್ನಾಗಿದೆ ಅಂತ ನಾನು ಹೇಳ್ತಿಲ್ಲ. ಮುಚ್ಚಿದ ಬಾಗಿಲ ಹಿಂದೆ ಜಡ್ಜ್‌ಗಳೇ ಜಡ್ಜ್‌ಗಳನ್ನು ಆರಿಸೋದು ನನಗೂ ಹಿಡಿಸಲ್ಲ. 2015ರಲ್ಲಿ ನ್ಯಾಯಾಂಗ ನೇಮಕಾತಿ ಆಯೋಗವನ್ನು ರದ್ದು ಮಾಡಿದ ಸುಪ್ರೀಂ ಕೋರ್ಟ್ ಪೀಠವೇ ಕೊಲಿಜಿಯಂನಲ್ಲಿ ಸುಧಾರಣೆ ಬೇಕು ಅಂತ ಒಪ್ಪಿಕೊಂಡಿತ್ತು. ಯಾರನ್ನು ಯಾಕೆ ಆರಿಸಿದಿರಿ, ಯಾರನ್ನು ಯಾಕೆ ಬಿಟ್ಟಿರಿ ಅಂತ ಕೇಳೋಣ, ಜೋರಾಗಿಯೇ ಕೇಳೋಣ. ಆದರೆ ಬಾಗಿಲು ತೆಗೆಯಿರಿ ಅನ್ನೋದು ಬೇರೆ, ಜಡ್ಜ್‌ನ ಬೀದಿಗೆ ತಂದು ಕೈಮುಗಿಸೋದು ಬೇರೆ.

ಕೆಲಸ ಕಳಕೊಂಡ ಬರ್ಡ್ ಮುಂದೆ ಬಡವರಿಗೆ ಕಾನೂನು ನೆರವು ಕೊಡುವ ಒಂದು ಕಚೇರಿಯಲ್ಲಿ ಸ್ವಯಂಸೇವಕಿಯಾಗಿ ದುಡಿದರು. 1999ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ 63 ವರ್ಷ. ಅವರ ಎಲ್ಲ ತೀರ್ಪುಗಳನ್ನೂ ನಾನು ಒಪ್ಪುತ್ತೇನೆ ಅಂತಲ್ಲ. ಮತ ಬೇಕಿದ್ದರೆ ಎರಡು-ಮೂರು ಕೇಸುಗಳಲ್ಲಿ ಶಿಕ್ಷೆಗೆ ಹೂಂ ಅಂದಿದ್ದರೆ ಬಹುಶಃ ಸಾಕಿತ್ತು. ಅವರು ಅನ್ನಲಿಲ್ಲ.

ಮುಂದಿನ ಸಲ ಕೆಫೆಟೇರಿಯಾದಲ್ಲಿ ಈ ಮಾತು ಬಂದಾಗ ಒಂದು ಸಲ ಯೋಚಿಸಿ. ನಾಳೆ ನಿಮ್ಮದೊಂದು ವಿಡಿಯೋ ವೈರಲ್ ಆಗುತ್ತೆ, ಅರ್ಧ ಸತ್ಯ, ಅರ್ಧ ಎಡಿಟಿಂಗ್. ಇಡೀ ಊರು ನಿಮ್ಮನ್ನು ಒಳಗೆ ಹಾಕಿ ಅನ್ನುತ್ತೆ. ನಿಮ್ಮ ಕೇಸು ಬಂದ ಜಡ್ಜ್‌ಗೆ ಎರಡೇ ತಿಂಗಳಲ್ಲಿ ಚುನಾವಣೆ. ಆಗಲೂ ಇದೇ ಮಾತು ಹೇಳ್ತೀರಾ?